ಲ್ಯಾಪ್‌ಟಾಪಿಗೊಂದು ಗಾದಿ

"ಭಾಯ್, ತೆಳ್ಳಗಿರೋ ಒಂದು ಕೂಲಿಂಗ್ ಪ್ಯಾಡ್ ಬೇಕಿತ್ತು. ನನ್ನ ಲ್ಯಾಪ್‌ಟಾಪ್ ಕೆಂಡ ಆಗೋಯ್ತದೆ."

ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆಯೆತ್ತಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಬೆನ್ನು ಕೊಟ್ಟು ಒಬ್ಬಳು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ತಿಳಿಹಸಿರು ದುಪಟ್ಟಾ, ಹೆಗಲಲ್ಲಿ ಭಾರವಾದ ಬ್ಯಾಗು, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್ಲು.

"ಎಷ್ಟು ತೆಳ್ಳಗೆ ಮೇಡಂ?"

"ಅಕ್ಕಿ ರೊಟ್ಟಿ ಥರ."

"ಅಕ್ಕಿ ರೊಟ್ಟಿ ಒಬ್ಬೊಬ್ಬರ ಮನೇಲಿ ಒಂದೊಂದು ದಪ್ಪ ಇರ್ತದೆ."

"ನಮ್ಮನೇಲಿ ತೆಳ್ಳಗಿರ್ತದೆ," ಎಂದವಳು ನನ್ನನ್ನೊಮ್ಮೆ ಅಳೆದು ನೋಡಿದಳು. "ನಿಮ್ಮನೇದು ಹೆಂಗೋ ನಂಗೊತ್ತಿಲ್ಲ."

ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಸುಟ್ಟ ಬೆರಳುಗಳೇ ನನಗೆ ಪಾಠ ಹೇಳಿಕೊಟ್ಟವು. ಕಾಯಿಲೆ ಏನೆಂದು ನೋಡದೆ ಔಷಧಿ ಕೊಡುವುದಿಲ್ಲ ಎಂಬುದು ನನ್ನ ಅಂಗಡಿಯ ಕಾನೂನು. ಅವತ್ತು ಅದನ್ನು ಮುರಿದೆ. ಯಾಕೆಂದು ಕೇಳಿದರೆ, ಆ ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಮತ್ತೆ ಸಿಕ್ಕಿಸುವಾಗ ಅವಳ ಕೈಬಳೆಗಳು ಮೊಣಕೈಯ ತನಕ ಜಾರಿದವು. ಅಷ್ಟು ಸಾಕಾಗಿತ್ತು.

ಆರು ಫ್ಯಾನಿನ, ನೀಲಿ ದೀಪದ ಪ್ಯಾಡ್ ತೆಗೆದು, ಆನ್ ಮಾಡಿ ತೋರಿಸಿದೆ.

"ಇದೇನು, ಮದುವೆ ಛತ್ರಕ್ಕೆ ಹಾಕೋ ಸೀರಿಯಲ್ ಲೈಟಾ?"

"ಹುಡುಗರು ಇದನ್ನೇ ಕೇಳ್ತಾರೆ. ನೀವು ಫ್ಯಾನ್ ಎಷ್ಟದೆ ಅಂತ ಎಣಿಸಬೇಡಿ. ಚಿಕ್ಕ ಫ್ಯಾನ್ ಆರು ಇದ್ರೆ ಸದ್ದು ಜಾಸ್ತಿ. ದೊಡ್ಡದು ಒಂದೇ ಇದ್ದು ನಿಧಾನವಾಗಿ ತಿರುಗಿದ್ರೂ ಗಾಳಿ ಚೆನ್ನಾಗಿ ಬರ್ತದೆ. ನಿಮ್ಮ ಲ್ಯಾಪ್‌ಟಾಪ್ ತಳದಲ್ಲಿ ತೂತು ಎಲ್ಲದೆಯೋ ಅದರ ನೇರಕ್ಕೆ ಈ ಫ್ಯಾನ್ ಬರಬೇಕು. ಬಿಚ್ಚಿ ನೋಡ್ಲಾ?"

ಅವಳು ಬ್ಯಾಗನ್ನು ಸರಕ್ಕನೆ ಎದೆಗೊತ್ತಿಕೊಂಡಳು. "ಬೇಡ ಬೇಡ. ತೆಳ್ಳಗಿರೋದು ಕೊಡಿ, ಸಾಕು."

ಆ ಬ್ಯಾಗಿನಲ್ಲಿ ಏನೋ ಗುಟ್ಟಿದೆ ಎಂದು ಅವತ್ತೇ ಅಂದುಕೊಂಡೆ. ಎರಡು ಫ್ಯಾನಿನ ತೆಳುವಾದ ಪ್ಯಾಡ್ ಕಟ್ಟಿಕೊಟ್ಟೆ. ಕೆಲಸ ಮಾಡದಿದ್ದರೆ ವಾಪಸು ತನ್ನಿ ಎಂದೆ. ಬರಲಿ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೂರನೇ ದಿನಕ್ಕೇ ಬಂದಳು.

"ಭಾಯ್, ನಿಮ್ಮ ಪ್ಯಾಡ್ ಗಾಳಿ ಬಿಡಲ್ಲ, ಬರೀ ನಿಟ್ಟುಸಿರು ಬಿಡ್ತದೆ. ನಿನ್ನೆ ಮೂರು ಸಲ ಆಫ್ ಆಯ್ತು."

ಅವಳ ಹೆಸರು ಇಫ್ಫತ್. ಊರು ಪಾಂಡವಪುರ. ಕೆ.ಆರ್.ಪೇಟೆಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಮನೆಯಲ್ಲೇ ಕೂತು ಸುತ್ತಲಿನ ತಾಲೂಕುಗಳ ಕಂಟ್ರಾಕ್ಟರುಗಳಿಗೆ ಮನೆ ಪ್ಲಾನ್ ಬರೆದುಕೊಡುತ್ತಾಳೆ. ಕಟ್ಟಿದ ಮೇಲೆ ಮನೆ ಹೇಗೆ ಕಾಣುತ್ತದೆಂದು ಬಣ್ಣದಲ್ಲಿ ತೋರಿಸುವ ಚಿತ್ರ ತೆಗೆಯುವಾಗಲೇ ಲ್ಯಾಪ್‌ಟಾಪ್ ಕಾದು ಸುಸ್ತಾಗಿ ಮಲಗುತ್ತದೆ. ನಾಗಮಂಗಲದ ಒಬ್ಬರ ಮನೆ ಹದಿನೈದು ದಿನದಿಂದ ಮುಂಬಾಗಿಲಿಲ್ಲದೆ ನಿಂತಿದೆಯಂತೆ, ಸ್ಕ್ರೀನಿನ ಮೇಲೆ.

ಈ ಸಲ ಬಿಚ್ಚಲು ಬಿಟ್ಟಳು.

ತಳದ ಮುಚ್ಚಳ ತೆಗೆದರೆ ಒಳಗಿನ ಫ್ಯಾನೇ ಕಾಣಲಿಲ್ಲ. ಚಿಮಟದಲ್ಲಿ ಹಿಡಿದೆಳೆದೆ. ಇಲಿಮರಿಯಷ್ಟು ದಪ್ಪದ ಒಂದು ಬಿಳೀ ಉಂಡೆ ಬಂತು. ಹತ್ತಿ! ಇನ್ನೊಂದು ಎಳೆದೆ. ಇನ್ನೊಂದು.

"ಮೇಡಂ, ಇದನ್ನ ನೀವು ಎಲ್ಲಿ ಮಲಗಿಸ್ತೀರಿ?"

ಅವಳ ಕೆನ್ನೆ ಕೆಂಪಾಯಿತು. ಬ್ಯಾಗಿನ ತಳದಿಂದ ಒಂದು ವಸ್ತು ತೆಗೆದು ಟೇಬಲ್ಲಿನ ಮೇಲಿಟ್ಟಳು. ಒಂದೂವರೆ ಅಡಿ ಉದ್ದದ ಗಾದಿ. ಕೆಂಪು ಮಖಮಲ್ಲು, ಅಂಚಿಗೆ ಹಳದಿ ಹೊಲಿಗೆ, ನಡುವೆ ಲೆಕ್ಕ ಹಾಕಿ ಹಾಕಿದ ಒಂಬತ್ತು ಗಂಟು. ದೊಡ್ಡ ಹಾಸಿಗೆಯೊಂದು ಮರಿ ಹಾಕಿದ ಹಾಗಿತ್ತು.

ನಕ್ಕುಬಿಟ್ಟೆ. ನಗಬಾರದಿತ್ತು.

"ನಗಬೇಡಿ," ಎಂದಳು. ಸ್ವರ ಮೆಲ್ಲಗಿತ್ತು, ಕಣ್ಣು ಮೆಲ್ಲಗಿರಲಿಲ್ಲ. "ನಮ್ದು ಹಾಸಿಗೆ ಮಾಡೋ ಮನೆತನ. ಹತ್ತಿ ಎಕ್ಕಿ ಬಿಡಿಸೋ ಬಿಲ್ಲು, ಹೊಲಿಯೋ ಸೂಜಿ, ಯಾವುದನ್ನೂ ಬರೀ ನೆಲದ ಮೇಲೆ ಇಡಲ್ಲ. ಅನ್ನ ಕೊಡೋ ಸಾಮಾನಿಗೂ ಒಂದು ಗಾದಿ ಇರಬೇಕು ಅಂತಾರೆ ನಮ್ಮ ದಾದಿ, ಅಪ್ಪನ ಅಮ್ಮ. ನಂಗೆ ಅನ್ನ ಕೊಡೋದು ಈ ಲ್ಯಾಪ್‌ಟಾಪು. ಅದಕ್ಕೇ ಮೂರು ವಾರ ಕೂತು ಕೈಯಲ್ಲೇ ಹೊಲಿದವ್ರೆ. ದಿನಾ ಬಂದು ಕೈ ಆಡಿಸಿ ನೋಡ್ತಾರೆ, ಮಲಗೈತಾ ಇಲ್ವಾ ಅಂತ. ಅವರ ಮನಸ್ಸು ನೋಯಿಸೋಕೆ ನಂಗಾಗಲ್ಲ."

"ಅದಕ್ಕೇ ತೆಳ್ಳಗಿರೋದು ಬೇಕಾ?"

"ಹ್ಞೂಂ. ಗಾದಿ ಕವರ್ ಒಳಗೆ ತೂರಿಸಿದ್ರೆ ದಾದಿಗೆ ಗೊತ್ತಾಗಬಾರದು."

"ಗಾದಿ ಒಳಗೆ ತೂರಿಸಿದ್ರೆ ಪ್ಯಾಡೇ ಉಸಿರು ಕಟ್ಟಿ ಸಾಯ್ತದೆ ಮೇಡಂ. ಅದಕ್ಕೂ ಗಾಳಿ ಬೇಕಲ್ವಾ?"

"ಹಂಗಾದ್ರೆ ನೀವ್ಯಾತಕ್ಕೆ ಇದ್ದೀರಿ ಇಲ್ಲಿ?"

ನ್ಯಾಯವಾದ ಪ್ರಶ್ನೆ. ಒಂದು ದಾರಿ ಹುಡುಕುತ್ತೇನೆ, ಸ್ವಲ್ಪ ದಿನ ಕೊಡಿ ಎಂದೆ.

"ಬೇಗ ಹುಡುಕಿ," ಎಂದು ಹತ್ತಿಯುಂಡೆಗಳನ್ನು ಒಂದೊಂದಾಗಿ ಆರಿಸಿ ಬ್ಯಾಗಿಗೆ ಹಾಕಿಕೊಂಡಳು. ಹಾಸಿಗೆಯವರು ಹತ್ತಿ ಬಿಸಾಡುವುದಿಲ್ಲ. "ಕೆ.ಆರ್.ಪೇಟೆಯಿಂದ ಒಂದು ಸಂಬಂಧ ಕೇಳ್ಕೊಂಡು ಬಂದವ್ರೆ. ಸಿಮೆಂಟ್ ಅಂಗಡಿಯೋರು. ಮದುವೆ ಆದ್ಮೇಲೆ ಹುಡುಗಿ ಕೆಲಸ ಮಾಡೋ ಅಗತ್ಯ ಇಲ್ಲ ಅಂತಾವ್ರೆ. ಅವರು ನೋಡೋಕೆ ಬರೋ ಹೊತ್ತಿಗೆ ನನ್ನ ಹತ್ರ ಒಂದು ಮುಗಿದಿರೋ ಕೆಲಸ ಇರಬೇಕು. ತೋರಿಸೋಕೆ."

"ಯಾವಾಗ ಬರ್ತಾರೆ?"

"ಇದಲ್ಲ, ಮುಂದಿನ ಭಾನುವಾರ."

ಎಂದವಳು ನನ್ನ ಮುಖವನ್ನೇ ನೋಡಿದಳು. ನಾನು ಚಿಮಟವನ್ನು ಒರೆಸಿದೆ. ಅದು ಆಗಲೇ ಹೊಳೆಯುತ್ತಿತ್ತು.

ಹನ್ನೊಂದು ದಿನ. ಎಣಿಸಿದ್ದು ನಾನಲ್ಲ, ಪಕ್ಕದ ಟೀ ಅಂಗಡಿಯ ಮಂಚಯ್ಯ. ಅವನಿಗೆ ಗೋಡೆಯಾಚೆಯ ಮಾತೆಲ್ಲ ಕೇಳಿಸುತ್ತದೆ.

"ಲೇ ಶೋಯಬಾ, ಅನ್ನೊಂದು ದಿನ ಅದೆ ಕಣ್ಲಾ. ಪ್ಯಾಡ್ ಉಡುಕ್ತೀಯೋ, ಬಾಯಿ ಉಡುಕ್ತೀಯೋ?"

"ಎರಡೂ ಸಿಗ್ತವೆ ಬುಡು."

ಧೈರ್ಯವಾಗಿಯೇ ಹೇಳಿದೆ. ನನ್ನ ಕೈಗೆ ಬಂದ ಯಂತ್ರ ಯಾವುದೂ ಹಾಗೇ ವಾಪಸು ಹೋಗಿಲ್ಲ. ಈ ವಿಷಯ ಯಂತ್ರದ್ದಲ್ಲ ಎಂಬುದು ಮಾತ್ರ ಆಗ ತಲೆಗೆ ಹೋಗಲಿಲ್ಲ.

ಶನಿವಾರ ಬಂದಳು. ಎರಡು ಬಗೆಯ ಪ್ಯಾಡ್ ತರಿಸಿಟ್ಟಿದ್ದೆ. ಎರಡನ್ನೂ ಗಾದಿಯ ಜೊತೆ ಹಿಂದೆಮುಂದೆ ಮಾಡಿ ನೋಡಿದೆವು. ಒಂದು ಕೂಗಾಡಿತು, ಇನ್ನೊಂದು ಉಸಿರು ಕಟ್ಟಿ ನಿಂತಿತು. ಲ್ಯಾಪ್‌ಟಾಪಿನ ಬಿಸಿ ಎಷ್ಟಿದೆಯೆಂದು ಇಬ್ಬರೂ ಒಟ್ಟಿಗೆ ಕೈಯಿಟ್ಟೆವು. ನನ್ನ ಕಿರುಬೆರಳಿಗೂ ಅವಳ ಕಿರುಬೆರಳಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ. ಇಬ್ಬರೂ ಕೈ ತೆಗೆಯಲಿಲ್ಲ.

"ಬಿಸಿ ಅದೆ," ಎಂದಳು.

"ಅದೆ," ಎಂದೆ.

ಮುಖದ ಮೇಲಿನ ಬೆವರನ್ನು ದುಪಟ್ಟಾದಲ್ಲಿ ಒತ್ತಿಕೊಳ್ಳುತ್ತ ಅವಳು ನನ್ನ ಅಂಗಡಿಯನ್ನು ಸುತ್ತ ನೋಡಿದಳು. "ನಿಮ್ಮ ಅಂಗಡೀಗೇ ಮೊದಲು ಕೂಲಿಂಗ್ ಪ್ಯಾಡ್ ಹಾಕಬೇಕು. ಗಾಳಿ ಒಳಗೆ ಬರೋಕೆ ಬಾಗಿಲದೆ, ಹೊರಗೆ ಹೋಗೋಕೆ ದಾರಿನೇ ಇಲ್ಲ. ಅಲ್ಲೇ ನಿಂತ್ಕೊಂಡು ಕೊಳೀತದೆ." ಕಿವಿಯ ಪೆನ್ಸಿಲ್ ಇಳಿಯಿತು. ಖಾಲಿ ರಟ್ಟಿನ ಡಬ್ಬದ ಮೇಲೆ ನಾಲ್ಕು ಗೆರೆ ಎಳೆದಳು. "ಈ ಹಿಂದಿನ ಗೋಡೇಲಿ, ಮೇಲುಗಡೆ, ಇಷ್ಟಗಲ ಒಂದು ಕಿಂಡಿ. ಬಿಸಿ ಗಾಳಿ ಯಾವಾಗಲೂ ಮೇಲಕ್ಕೆ ಹೋಯ್ತದೆ. ಅದಕ್ಕೆ ದಾರಿ ಬಿಟ್ಟುಕೊಡಿ ಸಾಕು."

ಸೋಮವಾರ ಅವಳು ಬಂದು ಕೂತಾಗ ಬಾಗಿಲ ಕಡೆಯಿಂದ ತಂಗಾಳಿಯೊಂದು ಬಂದು ದುಪಟ್ಟಾದ ಅಂಚನ್ನು ಎತ್ತಿ ಹಿಂದಕ್ಕೆ ಹೋಯಿತು. ಅವಳು ತಿರುಗಿ ನೋಡಿದಳು. ಹಿಂದಿನ ಗೋಡೆಯಲ್ಲಿ ಹೊಸ ಕಿಂಡಿ. ಸಿಮೆಂಟು ಇನ್ನೂ ಹಸಿ.

"ಹೇಳಿದ ತಕ್ಷಣ ಗೋಡೆ ಒಡೆಸಿಬುಟ್ರಾ?"

"ತಿಳಿದೋರು ಹೇಳಿದ್ರೆ ಕೇಳಬೇಕು."

"ಬೇರೆ ಯಾರು ಹೇಳಿದ್ರೂ ಕೇಳ್ತಿದ್ರಾ?"

"ಮಂಚಯ್ಯ ಆರು ವರ್ಷದಿಂದ ಹೇಳ್ತಾನೇ ಅವ್ನೆ."

ಗೋಡೆಯಾಚೆಯಿಂದ ಮಂಚಯ್ಯ ಕೆಮ್ಮಿದ. ಅವಳು ದುಪಟ್ಟಾದ ತುದಿ ಬಾಯಿಗೊತ್ತಿಕೊಂಡು ನಕ್ಕಳು. ನಗು ಕಣ್ಣಿಗೆ ಬಂದು, ಅಲ್ಲಿಂದ ನನ್ನ ಮೇಲೆ ಬಿದ್ದು, ಬೇಗ ಕೆಳಗಿಳಿಯಿತು. ಅವತ್ತು ಹೋಗುವಾಗ "ಬರ್ತೀನಿ" ಎಂದಳು. ಅಷ್ಟೇ. ಹಿಂದೆ ಅಂಟಿಕೊಂಡಿರುತ್ತಿದ್ದ "ಭಾಯ್" ಎಲ್ಲೋ ಉದುರಿಹೋಗಿತ್ತು.

"ಕೇಳುಸ್ತೇನ್ಲಾ?" ಎಂದ ಮಂಚಯ್ಯ, ಟೀ ಲೋಟ ಇಡುತ್ತ. "ಇವತ್ತು ಭಾಯ್ ಅನ್ಲಿಲ್ಲ. ಇನ್ನೇನ್ ಪತ್ರ ಬರ್ದು ಕೊಡ್ಬೇಕಾ ನಿಂಗೆ?"

ಬುಧವಾರ ಅವಳು ಬಂದಾಗ ನನಗೆ ಕೊನೆಗೂ ಪರಿಹಾರ ಹೊಳೆದಿತ್ತು. ಇಷ್ಟು ದಿನ ಹುಡುಕಿದ ಪ್ಯಾಡುಗಳೆಲ್ಲ ಕೆಳಗಿನಿಂದ ಗಾಳಿ ಎಳೆಯುವಂಥವು. ಗಾದಿಯ ಮೇಲೆ ಕೂತರೆ ಅವುಗಳ ಬಾಯಿ ಮುಚ್ಚಿಹೋಗುತ್ತಿತ್ತು. ತಳ ಮುಚ್ಚಿರುವ, ಪಕ್ಕದಿಂದ ಗಾಳಿ ಎಳೆದು ಮೇಲಕ್ಕೆ ಬಿಡುವಂಥದು ಬೇಕು. ಅಲ್ಯೂಮಿನಿಯಂ ಹಾಳೆ, ಒಂದೇ ಫ್ಯಾನು, ಸ್ಲೇಟಿನಷ್ಟು ತೆಳು. ಆಗ ಕೆಳಗೆ ಗಾದಿ, ಅದರ ಮೇಲೆ ಪ್ಯಾಡು, ಅದರ ಮೇಲೆ ಲ್ಯಾಪ್‌ಟಾಪು. ಗಾದಿಯೂ ಉಳಿಯುತ್ತದೆ, ಗಾಳಿಯೂ ಬರುತ್ತದೆ. "ಮೈಸೂರಿಂದ ಶುಕ್ರವಾರ ಬರ್ತದೆ," ಎಂದೆ.

ಅವಳು ಹಿಗ್ಗಲಿಲ್ಲ. "ಭಾನುವಾರ ಅವರು ಬರ್ತಾವ್ರೆ," ಎಂದಳು.

"ಹ್ಞೂಂ. ಹೇಳಿದ್ರಿ."

"ದಾದಿ ನನ್ನ ಕೇಳ್ತಾವ್ರೆ, ಏನು ಹೇಳಲಿ ಅಂತ."

ಅವಳ ಬೆರಳು ಟೇಬಲ್ಲಿನ ಅಂಚಿನಲ್ಲಿ ಹೋಗಿ ಬಂದು ಮಾಡುತ್ತಿತ್ತು. ನಾನು ಮಾತಾಡಬೇಕಾದ ಕ್ಷಣ ಅದೇ ಎಂದು ಅಂಗಡಿಯಲ್ಲಿದ್ದ ಸತ್ತ ಮಾನಿಟರುಗಳಿಗೂ ಗೊತ್ತಿತ್ತು. ಆದರೆ ಸಿಮೆಂಟ್ ಅಂಗಡಿಯ ಎದುರು ನನ್ನ ಈ ಹತ್ತಡಿ ಅಂಗಡಿ ಕಣ್ಣ ಮುಂದೆ ಬಂತು. ಬಾಯಿ ತೆರೆದಾಗ ಬಂದದ್ದು ಒಂದೇ ಮಾತು.

"ಒಳ್ಳೇದಾಗ್ಲಿ."

ಅವಳು ಬ್ಯಾಗಿನ ಜಿಪ್ ಎಳೆದಳು. ನಿಧಾನವಾಗಿ, ಕೊನೆಯ ತನಕ.

"ನಿಮ್ಮ ಬಾಯಿಂದ ಒಂದು ಒಳ್ಳೇ ಮಾತು ಬಂತಲ್ಲ. ಸಾಕು, ಭಾಯ್."

ಆ ಒಂದು ಪದವನ್ನು ಅವಳು ಬಾಗಿಲಿಗೆ ಬೀಗ ಹಾಕಿದ ಹಾಗೆ ಹಾಕಿ ಹೋದಳು.

ಮಂಚಯ್ಯ ಒಳಗೆ ಬಂದ. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ, ಎದುರಿಗೆ ಕೂತ.

"ನೋಡ್ಲಾ, ನನ್ನೆಂಡ್ತಿ ಕೇಳಕ್ ಓದಾಗ ನನ್ನತ್ರ ಎಲ್ಡು ಕುರಿ ಇದ್ದೊ. ಒಂದು ಕುಂಟಿ. ನಮ್ಮಾವ ಏನೈತಪ್ಪ ನಿನ್ನತ್ರ ಅಂದ್ರು. ಇರದು ಏಳ್ದೆ. ಕುಂಟಿ ಅನ್ನದ್ನೂ ಏಳ್ದೆ. ಇಲ್ಲ ಅನ್ನದು ಅವ್ರ್ ಕೆಲ್ಸ, ನೀನ್ಯಾಕ್ಲಾ ಮೊದ್ಲೇ ಏಳ್ಕಂಡು ಕೂತಿದ್ದೀಯ?"



ಪ್ಯಾಡು ಶುಕ್ರವಾರ ಬಂತು. ಶನಿವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೈಕು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳನ್ನು ಹಿಂದೆ ಹಾಕುತ್ತ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡೆ. ಪಾಂಡವಪುರ ತಲುಪುವಷ್ಟರಲ್ಲಿ ನನಗೆ ಪೂರ್ತಿ ನಂಬಿಕೆ ಬಂದಿತ್ತು.

ಅವರ ಬೀದಿಯ ತಿರುವಿನಲ್ಲಿ ಹೂ ಕಟ್ಟುತ್ತ ಕೂತಿದ್ದ ಮುದುಕಿಯ ಹತ್ತಿರ ಮನೆ ಯಾವುದೆಂದು ಕೇಳಿದೆ. ಯಶೋದಮ್ಮ ಎಂದು ಅವಳ ಹೆಸರು, ಅವರ ಎದುರು ಮನೆಯವಳೇ.

"ಆಸ್ಗೆ ಸಮೀವುಲ್ಲಾ ಮನೆಯಾ? ಅಗಾ, ಮಾಡಿ ಮ್ಯಾಲೆ ಬೆಳ್ಳಗೆ ಕಾಣ್ತಾ ಅದಲ್ಲ, ಅದೇ ಕಣಪ್ಪ. ಬೂರುಗದ ಅತ್ತಿ ಒಣಾಕವ್ರೆ. ಆ ಮನೇಲಿ ಬೂರುಗದ ಅತ್ತಿ ಬಿಸ್ಲಿಗೆ ಬಿತ್ತು ಅಂದ್ರೆ ಎಣ್ಣಿನ ಮದ್ವೆ ಗೊತ್ತಾಯ್ತು ಅಂತ್ಲೇ ಲೆಕ್ಕ. ಮದ್ವೆ ಆಸ್ಗೆಗೆ ಬ್ಯಾರೆ ಅತ್ತಿ ಆಕಕ್ಕಿಲ್ಲ ಅವ್ರು. ನಮ್ ಇಫ್ಫತ್ತುಂದೇ ಇರ್ಬೇಕು ಕಣಪ್ಪ. ಒಳ್ಳೆ ಮಗ."

ಬೈಕಿನ ಮೇಲೆ ಹಾಗೇ ಕೂತಿದ್ದೆ. ಮಾಳಿಗೆಯ ಮೇಲೆ ಹತ್ತಿ ಬೆಳ್ಳಗೆ ಉರಿಯುತ್ತಿತ್ತು. ಭಾನುವಾರದ ತನಕವೂ ಕಾಯಲಿಲ್ಲವೇ ಇವರು? ಹ್ಯಾಂಡಲ್ ತಿರುಗಿಸಿದ್ದೂ ಹೌದು. ಆಮೇಲೆ ಪ್ಯಾಡಿನ ಡಬ್ಬ ಹೊಟ್ಟೆಗೆ ಒತ್ತಿತು. ಹಿಡಿದ ಕೆಲಸ ಮುಗಿಸದೆ ಹೋಗುವ ಜಾಯಮಾನ ನನ್ನದಲ್ಲ. ಇಳಿದೆ.

ಕೆಳಗಿನ ಅಂಗಡಿಯಲ್ಲಿ ಇಫ್ಫತ್‌ಳ ತಂದೆ ಸಮೀವುಲ್ಲಾ ಹಾಸಿಗೆಯೊಂದರ ಮೇಲೆ ಕೂತು ಗಂಟು ಹಾಕುತ್ತಿದ್ದರು. ಶ್ರೀರಂಗಪಟ್ಟಣದ ಕಂಪ್ಯೂಟರಿನವನು ಎಂದೆ. ನನ್ನನ್ನು ತಲೆಯಿಂದ ಪಾದದ ತನಕ ನೋಡಿ, "ಮ್ಯಾಲವ್ರೆ, ಹೋಗಿ," ಎಂದಷ್ಟೇ ಹೇಳಿ ಸೂಜಿಗೆ ಮರಳಿದರು.

ಮಾಳಿಗೆಯ ಮೇಲೆ ಬಿಳೀ ಸೀರೆಯ ದಾದಿ ಖುರ್ಷಿದ್ ಬೇಗಂ ಕೋಲು ಹಿಡಿದು ಹತ್ತಿ ಬಡಿಯುತ್ತಿದ್ದರು. ಮೆಟ್ಟಿಲ ಕೋಣೆಯ ನೆರಳಿನಲ್ಲಿ ಇಫ್ಫತ್ ಚಾಪೆಯ ಮೇಲೆ ಕೂತಿದ್ದಳು. ಎದುರಿಗೆ ಕೆಂಪು ಗಾದಿ, ಅದರ ಮೇಲೆ ಲ್ಯಾಪ್‌ಟಾಪು. ನನ್ನನ್ನು ಕಂಡು ಎದ್ದು ನಿಂತಳು. ಸಲಾಂ ಹೇಳಿ ಪಕ್ಕಕ್ಕೆ ಸರಿದಳು.

ನಾನು ಕೂತು ಗಾದಿಯ ಮೇಲೆ ಪ್ಯಾಡಿಟ್ಟೆ, ಪ್ಯಾಡಿನ ಮೇಲೆ ಲ್ಯಾಪ್‌ಟಾಪಿಟ್ಟೆ, ವೈರು ಸಿಕ್ಕಿಸಿದೆ. "ನಾಗಮಂಗಲದ ಮನೆ ಓಡಿಸಿ," ಎಂದೆ. ಅವಳು ಓಡಿಸಿದಳು. ಮೂವರೂ ಕಾದೆವು. ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ಅವಳು ನನ್ನ ಕಡೆ ನೋಡಲಿಲ್ಲ, ನಾನು ಬೇರೆ ಕಡೆ ನೋಡಲಿಲ್ಲ. ಕೊನೆಗೆ ಪರದೆಯ ಮೇಲೆ ಒಂದು ಹಳದಿ ಮನೆ ಎದ್ದು ನಿಂತಿತು, ತೇಗದ ಮುಂಬಾಗಿಲ ಸಮೇತ.

ದಾದಿ ಬಂದು ಲ್ಯಾಪ್‌ಟಾಪಿನ ಕೆಳಗೆ ಕೈ ತೂರಿಸಿದರು. "ತಣ್ಣಗದೆ. ಇಷ್ಟ್ ದಿನ ಯಾಕ್ ಸುಡ್ತಿತ್ತು ಬೇಟಾ?"

ಇಫ್ಫತ್ ನನಗೆ ಕಣ್ಣಲ್ಲೇ ಬೇಡ ಎಂದಳು. ಆದರೆ ಆ ವಯಸ್ಸಿನವರ ಮುಂದೆ ಸುಳ್ಳು ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತು.

"ನಿಮ್ಮ ಗಾದಿಯಿಂದ ದಾದಿ. ಹತ್ತಿ ಒಳಗೆ ಹೋಗಿ ಕಟ್ಕೊಂಡಿತ್ತು, ಕೆಳಗಿನ ತೂತು ಮುಚ್ಚಿಹೋಗಿತ್ತು. ಗಾದಿ ತಪ್ಪಲ್ಲ. ಇದು ಕೆಳಗಿಂದ ಉಸಿರಾಡೋ ಜಾತಿ ಅನ್ನೋದು ಯಾರೂ ನಿಮಗೆ ಹೇಳಿರಲಿಲ್ಲ, ಅಷ್ಟೇ."

ಮುದುಕಿ ಮೊಮ್ಮಗಳ ಕಡೆ ತಿರುಗಿದರು. "ನಿಂಗೊತ್ತಿತ್ತಾ?"

"ನೀವು ಬೇಜಾರ್ ಮಾಡ್ಕೊತೀರಿ ಅಂತ..."

"ಅರವತ್ತು ವರ್ಸ ಆಸ್ಗೆ ಒಲ್ದಿವ್ನಿ. ಬೆನ್ ನೋವು ಬತ್ತದೆ ಅಂತ ಒಬ್ರೂ ನನ್ ಮುಂದೆ ಬಾಯ್ಬಿಡ್ಲಿಲ್ಲ. ಎಲ್ಲಾ ನನ್ ಮ್ಯಾಲೆ ಪ್ರೀತಿ! ಯೋಳಿದ್ರೆ ಅಲ್ವಾ ಬಿಚ್ಚಿ ಒಲಿಯೋದು?" ಎಂದು ನನ್ನ ಕಡೆ ಕೋಲು ಚಾಚಿದರು. "ಇವ್ನು ಯೋಳ್ದ ನೋಡು."

ಇನ್ನು ಹೊರಡಬೇಕಿತ್ತು. ಎದ್ದು ನಿಂತೆ. "ಮುಬಾರಕ್ ದಾದಿ," ಎಂದೆ.

"ಯಾತಕ್ಕೆ?"

"ಹತ್ತಿ ಒಣಹಾಕಿದ್ದೀರಲ್ಲ. ಕೆ.ಆರ್.ಪೇಟೆಯೋರ ಜೊತೆ..."

"ಅವ್ರಾ? ಅವ್ರು ಬರಕ್ಕಿಲ್ಲ. ಮೊನ್ನೆ ಗುರುವಾರ್ವೇ ಇವ್ಳು ಬ್ಯಾಡ ಅಂದ್ಬುಟ್ಲು. ಅದ್ಕೇ ಅತ್ತಿ ಬಿಸ್ಲಿಗಾಕ್ದೆ."

ನನಗೆ ಅರ್ಥವಾಗಲಿಲ್ಲ. "ಬೇಡ ಅಂದ್ರೆ ಹತ್ತಿ ಯಾಕೆ?"

ಮುದುಕಿ ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದರು. "ಒಳ್ಳೆ ಸಂಬಂದನ ಎಣ್ಣು ಬ್ಯಾಡ ಅಂದ್ಲು ಅಂದ್ರೆ, ಮನಸ್ನಾಗೆ ಬೇಕಾದೋನು ಇನ್ಯಾವನೋ ಅವ್ನೆ ಅಂತ. ಬೂರುಗದ ಅತ್ತಿಗೆ ಎಂಟ್ ದಿನದ ಬಿಸ್ಲು ಬೇಕು ಬೇಟಾ. ನೀವು ಬಾಯಿ ಬಿಡೋದ್ನ ಕಾಯ್ತಾ ಕೂತ್ರೆ ಮುಂಗಾರು ಬಂದ್ಬುಡ್ತದೆ."

ಇಫ್ಫತ್ ಮುಖ ತಿರುಗಿಸಿಕೊಂಡಿದ್ದಳು. ಕಿವಿಯ ತುದಿ ಮಾತ್ರ ಕಾಣುತ್ತಿತ್ತು, ಪೆನ್ಸಿಲ್ಲಿನ ಪಕ್ಕದಲ್ಲಿ, ಕೆಂಪಗೆ.

ಬೈಕಿನ ಮೇಲೆ ಅಭ್ಯಾಸ ಮಾಡಿದ ಮಾತೊಂದೂ ನೆನಪಿಗೆ ಬರಲಿಲ್ಲ. ಇದ್ದದ್ದನ್ನು ಹೇಳಿದೆ.

"ಇಫ್ಫತ್, ನನಗಿರೋದು ಹತ್ತಡಿ ಅಂಗಡಿ. ಮೇಲೆ ಎರಡು ರೂಮು, ಒಂದರಲ್ಲಿ ನಮ್ಮ ಅಮ್ಮಿ ಇರ್ತಾರೆ. ಇನ್ನೊಂದು ಸೋರ್ತದೆ. ನಿಮ್ಮ ಕೆಲಸ ನಿಲ್ಲಬಾರದು, ಅದೊಂದು ನನ್ನ ಆಸೆ. ಬುಧವಾರ ನೀವು ಕೇಳಿದಾಗ ಇದನ್ನೇ ಹೇಳಬೇಕಿತ್ತು. ಹೆದರಿಬಿಟ್ಟೆ. ಈಗ ಕೇಳ್ತಾ ಇದೀನಿ. ನನ್ನ ಮದುವೆ ಆಗ್ತೀರಾ?"

ಅವಳು ತಿರುಗಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಆ ಮೊದಲ ದಿನದ ಗತ್ತು.

"ಸೋರೋ ರೂಮಿಗೆ ಮೊದಲು ತಾರಸಿ ಹಾಕಿಸಬೇಕು. ಪ್ಲಾನ್ ನಾನೇ ಬರೀತೀನಿ."

"ಬರೀರಿ."

"ನೀವು ಅದರಲ್ಲಿ ತಲೆ ಹಾಕಬಾರದು."

"ಹಾಕಲ್ಲ."

"ಹಂಗಾದ್ರೆ ಅಮ್ಮೀನ ಕರ್ಕೊಂಡು ಬನ್ನಿ, ಶೋಯಬ್."

ನನ್ನ ಹೆಸರು ಅಷ್ಟು ಚೆನ್ನಾಗಿದೆಯೆಂದು ಮೂವತ್ತೊಂದು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ.

ದಾದಿ ಕೋಲು ಒರಗಿಸಿ ನೆರಳಿಗೆ ಬಂದು ಕೂತರು. ಇದೆಲ್ಲ ಯಾವತ್ತೋ ಮುಗಿದ ಮಾತು ಎಂಬಂತೆ, ಗಿರಾಕಿಯನ್ನು ಕೇಳುವ ಹಾಗೆ ಕೇಳಿದರು.

"ಆಸ್ಗೆ ಎಂಗಿರ್ಬೇಕು ಬೇಟಾ? ಗಟ್ಟಿನಾ, ಮೆತ್ತಗಾ?"

ನಾನು ಬಾಯಿ ತೆರೆಯುವ ಮೊದಲೇ ಇಫ್ಫತ್ ಹೇಳಿದಳು.

"ಗಟ್ಟಿ ಹಾಕಿ ದಾದಿ. ದಿನವಿಡೀ ಬಗ್ಗಿ ಕೂತು ಅವರಿಗೆ ಸೊಂಟ ನೋವದೆ. ಏಳೋವಾಗ ಎಡಗೈ ಟೇಬಲ್ ಮೇಲೆ ಊರ್ತಾರೆ."

ಆ ನೋವಿನ ಮಾತನ್ನು ನಾನು ಈವರೆಗೆ ಯಾರ ಹತ್ತಿರವೂ ಆಡಿರಲಿಲ್ಲ.